ಟ್ಯಾಂಕ್ ಮೇಸ್ತ್ರಿ ಹಳ್ಳಕ್ಕಿಳಿದದ್ದು

ಅವರು ಪೀಣ್ಯದಲ್ಲಿ ಪ್ಲಾಸ್ಟಿಕ್ ನೀರಿನ ಟ್ಯಾಂಕ್ ಮಾಡುವ ಶೆಡ್ಡಿನ ಮೇಸ್ತ್ರಿ. ಘಟ್ಟದ ಕಡಿದಾದ ಹಳ್ಳಗಳಲ್ಲಿ ಬಂಡೆಗೆ ಬಡಿದು ಸೀಳುವ ನಮ್ಮ ಕಯಾಕ್ ದೋಣಿಗಳಿಗೂ ಅವರೇ ವೈದ್ಯರು; ಎರಡೂ ಒಂದೇ ಜಾತಿಯ ಪ್ಲಾಸ್ಟಿಕ್ಕಲ್ಲವೇ! ಬೆಸುಗೆ ಹಾಕಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಟ್ಯಾಂಕಿಗೆ ಮಾಡುವಂತೆಯೇ ದೋಣಿಗೂ ನೀರು ತುಂಬಿಸಿ ಕಾಯುತ್ತಿದ್ದರು.

"ಒಂದು ತೊಟ್ಟೂ ಆಚೆ ಹೋಗ್ಬಾರ್ದು ಸಾರ್."

ದೋಣಿಗೆ ನೀರು ಒಳಗೆ ಬರಬಾರದು ಮಾರಾಯರೇ ಎಂದು ನಾನು ತಲೆ ಚಚ್ಚಿಕೊಂಡರೆ, "ಎರಡೂ ಒಂದೇ ತಾನೇ?" ಎನ್ನುತ್ತಿದ್ದರು.

ಒಂದು ಭಾನುವಾರ ಹಳ್ಳಕ್ಕೇ ಬಂದರು. ಹೊಸ ಬೆಸುಗೆಯ ದೋಣಿಯನ್ನು ಆಳೆತ್ತರದ ಜಲಪಾತಕ್ಕೆ ಬಿಡಲು ನಾನು ಹಿಂದೆಮುಂದೆ ನೋಡಿದ್ದೇ ತಪ್ಪಾಯಿತು. "ಬೆಸುಗೆ ನಂದು, ನಾನೇ ಇಳೀತೀನಿ" ಎಂದು ಲೈಫ್ ಜಾಕೆಟ್ ತೊಟ್ಟು ಕೂತೇಬಿಟ್ಟರು. ಸೊಂಟದ ಸುತ್ತ ನೀರು ತಡೆಯುವ ಹೊದಿಕೆಯನ್ನು ದೋಣಿಯ ಬಾಯಿಗೆ ಬಿಗಿಯುವ ಮೊದಲೇ ದೋಣಿ ಜಾರಿತು. ಗಿರ್ರನೆ ತಿರುಗಿ, ಹಿಂದುಮುಂದಾಗಿ ಬಿದ್ದು, ನೊರೆಯಲ್ಲಿ ಮಾಯವಾಯಿತು. ನಾನು ಹಗ್ಗ ಹಿಡಿದು ಓಡಿದೆ.

ಕೆಳಗಿನ ಮಡುವಿನಲ್ಲಿ, ಅಂಚಿನವರೆಗೆ ನೀರು ತುಂಬಿದ ದೋಣಿಯೊಳಗೆ ಮೇಸ್ತ್ರಿ ಮಹಾರಾಜನಂತೆ ಕೂತಿದ್ದರು. ಗೆಣ್ಣಿನಿಂದ ಎರಡು ಸಲ ತಟ್ಟಿ ಕೂಗಿದರು:

"ನೋಡಿ ಸಾರ್! ಒಂದು ತೊಟ್ಟೂ ಆಚೆ ಹೋಗಿಲ್ಲ!"