ಅಜ್ಜಿಯ ಹಾಡಿನ ಮೂರು ಪ್ರತಿ

ಈ ಜಗತ್ತಿನಲ್ಲಿ ಕೆಡದೆ ಉಳಿಯುವ ವಸ್ತು ಒಂದೂ ಇಲ್ಲವೆಂದು ಬಲ್ಲವರು ಹೇಳುತ್ತಾರೆ. ನಮ್ಮಪ್ಪನಿಗೆ ಇದು ಒಪ್ಪಿಗೆಯಿರಲಿಲ್ಲ. ಮೂರು ಪ್ರತಿ ತೆಗೆದು, ಕುಂಕುಮವಿಟ್ಟು, ಯಾರೂ ಮುಟ್ಟದಂತೆ ನೋಡಿಕೊಂಡರೆ ಯಾವುದೂ ಕೆಡುವುದಿಲ್ಲ ಎಂಬುದು ಹೊಸೂರಿನ ಕಚೇರಿಯೊಂದರಲ್ಲಿ ಅವರು ಸವೆಸಿದ ಆಯುಷ್ಯದ ಸಾರ.

ಎಂಬತ್ತರ ದಶಕದ ಆರಂಭದಲ್ಲಿ ಮನೆಗೆ ಟೇಪ್ ರೆಕಾರ್ಡರ್ ಬಂದಾಗ ಅಜ್ಜಿಯನ್ನು ಕೂರಿಸಿ ಹಸೆ ಹಾಡು, ಆರತಿ ಹಾಡುಗಳನ್ನೆಲ್ಲ ಹಾಡಿಸಿದೆವು. ನಡುವೆ ಅವರು ಬೆಕ್ಕನ್ನು ಬೈದದ್ದೂ ಸೇರಿಕೊಂಡಿತು. ಅಪ್ಪ ಮೂರು ಕ್ಯಾಸೆಟ್ ಮಾಡಿಸಿದರು: ನಮಗೊಂದು, ತಳಿ ಊರಿನ ಚಿಕ್ಕಪ್ಪನಿಗೊಂದು, ಬೇರಿಕೆಗೆ ಮದುವೆಯಾಗಿ ಹೋದ ಅಕ್ಕನಿಗೊಂದು. ಜೊತೆಗೆ ಒಂದು ಆಜ್ಞೆ: ಹಾಕಿ ಕೇಳಬಾರದು, ಟೇಪು ಸವೆಯುತ್ತದೆ. ಆಯುಧಪೂಜೆಯ ದಿನ ಕುಂಕುಮ ಹಚ್ಚಿ ಕರ್ಪೂರ ಬೆಳಗಿದರೆ ಸಾಕು. ನಮ್ಮ ಪ್ರತಿ ತೆಳು ಹಲಗೆಯ ಸ್ಪೀಕರ್ ಪೆಟ್ಟಿಗೆಯ ನೆತ್ತಿಯ ಮೇಲೆ, ಕಸೂತಿ ಬಟ್ಟೆ ಹಾಸಿಕೊಂಡು, ದೇವರ ಪಟದ ಪಕ್ಕದಲ್ಲೇ ವಿರಾಜಮಾನವಾಗಿತ್ತು.

ಅಜ್ಜಿ ತೀರಿಕೊಂಡ ಕೆಲವು ವರ್ಷಗಳ ಮೇಲೆ ತಂಗಿಯ ಮದುವೆ ಗೊತ್ತಾಯಿತು. ಅಮ್ಮನದು ಒಂದೇ ಹಟ. "ಆರತಿಗೆ ನಮ್ಮತ್ತೆ ಹಾಡೇ ಆಗ್ಬೇಕು. ಮೊದಲ್ನೇ ನುಡಿ ನಂಗ್ ಬತ್ತದೆ, ಮಿಕ್ಕಿದ್ದು ಮರ್ತೋಗೈತೆ."

"ಅದಕ್ಕೇ ತಾನೆ ಕ್ಯಾಸೆಟ್ಟು ಇರೋದು?" ಎಂದು ಅಪ್ಪ ಕೈಕಾಲು ತೊಳೆದು ಬಂದು ಅದನ್ನು ಹಾಕಿದರು. ಅಜ್ಜಿ ಬಾವಿಯೊಳಗಿಂದ ಕರೆದಂತೆ ಕೇಳಿಸಿತು. ಆರತಿ ಹಾಡಿನ ಹೊತ್ತಿಗೆ ಬರೀ ಸುಯ್ಯೆನ್ನುವ ಸದ್ದು. ನಾನು ಪೆಟ್ಟಿಗೆ ಬಿಚ್ಚಿ, ಸ್ಪೀಕರಿನ ಬೆನ್ನಿಗಿದ್ದ ಅಯಸ್ಕಾಂತ ತೋರಿಸಿದೆ. ಅದು ಅಷ್ಟು ವರ್ಷವೂ ಮೆತ್ತಗೆ ಟೇಪಿನಿಂದ ಅಜ್ಜಿಯನ್ನು ಅಳಿಸುತ್ತ ಬಂದಿತ್ತು.

"ಪೂಜೆ ಮಾಡಿದೀವಲ್ಲಾ!" ಎಂದರು ಅಪ್ಪ.

"ಅದುಕ್ಕೇನ್ ಗೊತ್ತು, ಪಾಪ," ಎಂದಳು ಅಮ್ಮ.

ಮಾರನೆಯ ದಿನ ತಳಿಗೆ ಹೋದೆ. ಚಿಕ್ಕಪ್ಪ ರೇಷ್ಮೆ ವಸ್ತ್ರ ಸುತ್ತಿದ ಕ್ಯಾಸೆಟ್ಟನ್ನು ಟ್ರಂಕಿನಿಂದ ತೆಗೆದರು. ಆ ಊರಿನ ಥಂಡಿಗೆ ಟೇಪಿನ ತುಂಬ ಬೆಳ್ಳಗೆ ಬೂಷ್ಟು.

"ಅದು ವಿಭೂತಿ ಕಣ್ಲಾ."

"ವಿಭೂತಿ ಒಳೀಕ್ ಹೋಗಿ ಬೆಳೀತದಾ ಚಿಕ್ಕಪ್ಪ?"

ಉಳಿದದ್ದು ಬೇರಿಕೆ. ಅಕ್ಕ ಕ್ಯಾಸೆಟ್ಟು ತರಲು ಹಿಂದೆಮುಂದೆ ನೋಡಿದಳು. "ಅಪ್ಪಂಗ್ ಹೇಳ್ಬ್ಯಾಡ ಕಣ್ಲಾ. ಶುಕ್ರವಾರ ಶುಕ್ರವಾರ ಸಾರಿಸ್ತಾ ಹಾಕ್ಕೊಂಡ್ ಕೇಳ್ಬುಡ್ತೀನಿ." ಕ್ಯಾಸೆಟ್ಟಿನ ಮೇಲೆ ಕುಂಕುಮವಿರಲಿಲ್ಲ; ಅಕ್ಕಿ ಹಿಟ್ಟಿನ ಬೆರಳ ಗುರುತಿತ್ತು. ಹಾಕಿದೆವು. ಹಾಡು ಪೂರ್ತಿ ಇತ್ತು, ಬೆಕ್ಕಿನ ಬೈಗುಳವೂ. "ಒಂದ್ಸಲ ಗೊರಗೊರ ಅಂತು. ಅವತ್ತೇ ಬಿಚ್ಚಿಸಿ ಒರೆಸ್ದೆ. ಕೇಳ್ದಿದ್ರೆ ಹೆಂಗ್ ಗೊತ್ತಾಗ್ತಿತ್ತು?"

ಅಕ್ಕನನ್ನೂ ಕ್ಯಾಸೆಟ್ಟನ್ನೂ ಬಸ್ಸಿನಲ್ಲಿ ಹೊಸೂರಿಗೆ ಕರೆತಂದು, ಮನೆಗೆ ಹೊಸ ಶಾಸನ ಹೊರಡಿಸಿದೆ. ಪ್ರತಿ ಆಯುಧಪೂಜೆಗೆ ಮೂರೂ ಕ್ಯಾಸೆಟ್ಟು ಒಂದೆಡೆ ಸೇರಬೇಕು. ಅಕ್ಕ ಮೊದಲಿನಿಂದ ಬೆಕ್ಕಿನವರೆಗೆ, ಬೆಕ್ಕಿನಿಂದ ಕೊನೆಯವರೆಗೆ ಕೇಳಬೇಕು. ಕೆಟ್ಟದ್ದನ್ನು ಅವತ್ತೇ ಒಳ್ಳೆಯದರಿಂದ ಮತ್ತೆ ತುಂಬಬೇಕು. ಯಾವುದು ಒಳ್ಳೆಯದೆಂದು ಕೇಳಿ ತಿಳಿಯದೆ ಯಾರೂ ರೆಕಾರ್ಡ್ ಗುಂಡಿ ಒತ್ತಕೂಡದು. ಕುಂಕುಮ ಕ್ಯಾಸೆಟ್ಟಿನ ಡಬ್ಬಿಗೆ ಮಾತ್ರ. ಈ ಶಾಸನದಲ್ಲಿ ತಪ್ಪು ಹುಡುಕಲು ಅಪ್ಪ ಬಹಳ ಶ್ರಮಿಸಿದರು.

"ಸವೀತದಲ್ಲೋ?"

"ಸವೆದ್ರೆ ಕಿವೀಗ್ ಗೊತ್ತಾಗ್ತದೆ ಕಣ್ರೀ," ಎಂದಳು ಅಮ್ಮ. "ನೀವ್ ಮಡಗಿದ್ದು ಕೆಟ್ಟೋಗಿದ್ದೂ ಗೊತ್ತೇ ಆಗ್ನಿಲ್ಲ."

ಮದುವೆಯ ದಿನ ಅಮ್ಮ ಮತ್ತು ಅಕ್ಕ ಆರತಿ ಹಾಡನ್ನು ಪೂರ್ತಿ ಹಾಡಿದರು. ಬೆಕ್ಕಿನ ಭಾಗವನ್ನು ಬಿಟ್ಟರು.