ಸಂಕದ ಆಚೆಯ ಮನೆಗಳು

ನನ್ನ ಅಕ್ಕನ ಊರು ಜಾಲಿ. ಹೆಸರಿಗೆ ಪಟ್ಟಣ ಪಂಚಾಯತ. ಅಂಗಡಿ ಸಾಲು ದಾಟಿ ಸ್ವಲ್ಪ ನಡೆದರೆ ಡಾಂಬರು ಮುಗಿದು ಕೆಂಪು ಮಣ್ಣಿನ ದಾರಿಯಾಗುತ್ತದೆ, ಆಮೇಲೆ ಗದ್ದೆಯ ಅಂಚಿನ ಕಾಲುಹಾದಿಯಾಗಿ ಹೆಬಳೆಯ ಕಡೆ ಹೊರಟುಬಿಡುತ್ತದೆ. ಆ ದಾರಿಯಲ್ಲಿ ಒಂದು ಸೈಕಲ್ ಹೋದರೂ ನಾಯಿಗಳು ತಲೆ ಎತ್ತಿ ನೋಡುತ್ತವೆ. ಅಕ್ಕ ಮದುವೆಯಾಗಿ ಬಂದಾಗಿನಿಂದ ಅಲ್ಲೇ ಮೀನುಬುಟ್ಟಿ ಹೊತ್ತು ನಡೆದವಳು. ನಮ್ಮಲ್ಲಿ ಮೀನು ಮಾರುವ ಒಬ್ಬೊಬ್ಬಳಿಗೂ ಅವಳವೇ ಗಿರಾಕಿ ಮನೆಗಳಿರುತ್ತವೆ. ಒಬ್ಬಳ ಮನೆಯಲ್ಲಿ ಇನ್ನೊಬ್ಬಳು ಬುಟ್ಟಿ ಇಳಿಸುವುದಿಲ್ಲ.

ಈ ಮಳೆಗಾಲದಲ್ಲಿ ಗದ್ದೆ ನಡುವಿನ ಸಂಕ ದಾಟುವಾಗ ಅವಳು ಜಾರಿ ಬಿದ್ದಳು. ಸಂಕ ಎಂದರೆ ನೀರು ಹರಿಯುವ ತೋಡಿಗೆ ಅಡ್ಡ ಹಾಕಿದ ಒಂದು ಕಲ್ಲು, ಅಷ್ಟೆ. ಕಾಲು ಮುರಿಯಿತು, ಪ್ಲಾಸ್ಟರ್ ಬಿಚ್ಚಿದ ಮೇಲೆ ಡಾಕ್ಟರು ನಡೆಯಬೇಕು ಅಂದರು. ಇವಳು ಹೊಸ್ತಿಲು ದಾಟಲಿಲ್ಲ. ಫೋನಿನಲ್ಲಿ, "ನಡ್ದದ್ದು ಸಾಕಾತು. ಬುಟ್ಟಿ ಯಾರಿಗಾದ್ರೂ ಕೊಟ್ಟು ಕುಮಟೆಗೆ ನಿನ್ನ ಮನೆಗೇ ಬರ್ತೆ" ಅಂದಳು. ಅಕ್ಕ ಬಂದರೆ ಬೇಡ ಅನ್ನುವವಳಲ್ಲ ನಾನು. ಆದರೆ ನಾನು ದಿನವಿಡೀ ಹೊಲಿಗೆ ಮಷಿನ್ನಿನ ಮುಂದೆ ಕೂರುವವಳು. ನನ್ನೆದುರು ಅವಳು ಗೋಡೆ ನೋಡುತ್ತ ಕೂತರೆ ಬೇಗ ಮುಗಿದುಹೋಗುತ್ತಾಳೆ ಅಂತ ಹೆದರಿಕೆಯಾಯಿತು. ನನಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ. ಸಿಟ್ಟಿನಲ್ಲೇ ಭಟ್ಕಳದ ಬಸ್ಸು ಹತ್ತಿದೆ.

"ಆ ಸಂಕವೇ ಸರಿ ಇಲ್ಲ, ಬರೀ ಪಾಚಿ" ಅಂದಳು ಅಕ್ಕ, ಚಾ ಕೊಟ್ಟು.

"ಹೌದು ಹೌದು. ಕುಣಿಲಿಕ್ಕೆ ಬರದವಳು ಅಂಗಳ ಡೊಂಕು ಅಂದ್ಳಂತೆ."

ಅವಳು ಮುಖ ತಿರುಗಿಸಿದಳು. ನಾನೂ ಬಿಡಲಿಲ್ಲ. ನಡೆಯುವುದು ಬೇಡವೇ ಬೇಡ, ರಿಕ್ಷಾದಲ್ಲಿ ಕೂತೇ ಮಾರು ಅಂತ ಹಟ ಹಿಡಿದೆ. ಮರುದಿನ ಬೆಳಿಗ್ಗೆ ಬಂದರಿಗೆ ಹೋಗಿ ಬಂಗಡೆ, ತಾರ್ಲೆ ಮೀನು ತಂದೆ. ಪಕ್ಕದ ಮನೆಯವನ ಗೂಡ್ಸ್ ರಿಕ್ಷಾದಲ್ಲಿ ಅವಳನ್ನು ಮುಂದೆ ಕೂರಿಸಿ, ಬುಟ್ಟಿ ಹಿಡಿದು ನಾನು ಹಿಂದೆ ಕೂತೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡಿದ್ದೆ.

ರಿಕ್ಷಾದವನು ಪಾಪ, ಉಪಕಾರ ಮಾಡಲು ಹೋಗಿ ಪ್ರತಿ ಮನೆಯ ಮುಂದೂ ಪೋಂ ಪೋಂ ಅಂತ ಹಾರ್ನ್ ಹೊಡೆದ. ಒಂದು ಬಾಗಿಲೂ ತೆರೆಯಲಿಲ್ಲ. ಕಿಟಕಿಯಿಂದ ಯಾರೋ ಇಣುಕಿ ಪರದೆ ಎಳೆದುಕೊಂಡರು. ಮಾವಿನ ಮರದ ದೊಡ್ಡ ಮನೆಯೊಂದರಲ್ಲಿ ನವಾಯತ ಮುಸಲ್ಮಾನರ ಅಜ್ಜಿಯೊಬ್ಬರಿದ್ದಾರೆ, ಅಕ್ಕನ ಹಳೇ ಗಿರಾಕಿ. ಅವರು ಒಳಗಿಂದಲೇ ಕೂಗಿ ಹೇಳಿದರು, "ಐಸಿನ ಮೀನು ಬ್ಯಾಡ, ಹೋಗು."

ಆಗ ನನಗೆ ಹೊಳೆಯಿತು. ಹಾರ್ನ್ ಹೊಡೆದುಕೊಂಡು ಬರುವುದೆಲ್ಲ ಎಲ್ಲಿಂದಲೋ ಐಸಿನಲ್ಲಿಟ್ಟು ತಂದ ಮೀನು. ತಲೆ ಮೇಲೆ ಬರುವುದು ಮಾತ್ರ ಬೆಳಗಿನ ಮೀನು. ಇದು ಗೊತ್ತಿರಬೇಕಾದ ಮನೆಯಲ್ಲೇ ಹುಟ್ಟಿದವಳು ನಾನು.

ಅಕ್ಕನ ಮುಖ ಕೆಂಪಗಾಯಿತು. "ಎಂತ? ಐಸಾ? ನನ್ನ ಮೀನಾ?" ಅಂದವಳೇ ರಿಕ್ಷಾದ ಕಂಬಿ ಹಿಡಿದು ಇಳಿದೇಬಿಟ್ಟಳು. ನನ್ನ ಕೊಡೆ ಕಸಿದು ಊರಿಕೊಂಡಳು. "ಹೊರು ಬುಟ್ಟಿ" ಅಂದಳು ನನಗೆ. ಗೇಟಿನ ಬಳಿ ನಿಂತು ಅವಳು ಕೂಗಿದ್ದೇ ತಡ, ಅಜ್ಜಿ ಹೊರಗೆ ಬಂದರು. "ನೀನಾ? ಮೊದಲೇ ಹೇಳುಕೆ ಎಂತ ಆಗಿತ್ತು" ಅಂತ ಗದರಿ, ಬಂಗಡೆಯ ಕಿವಿರು ಎತ್ತಿ ನೋಡಿ, ಪಾತ್ರೆ ತುಂಬ ತೆಗೆದುಕೊಂಡರು.

ರಿಕ್ಷಾ ಹಿಂದಕ್ಕೆ ಹೋಯಿತು. ಅಕ್ಕ ಮುಂದೆ ಕುಂಟುತ್ತ, ನಾನು ಹಿಂದೆ ಕುತ್ತಿಗೆ ಬಿಗಿ ಹಿಡಿದು ನಡೆದೆವು. ಮನೆ ಮನೆಗೂ ಬುಟ್ಟಿ ಹಗುರಾಯಿತು. ಕೊನೆಗೆ ಗದ್ದೆ ಬಂತು, ಸಂಕವೂ ಬಂತು. ಅಕ್ಕ ನಿಂತಳು. ಕೊಡೆಯ ತುದಿಯಿಂದ ಕಲ್ಲು ಕುಟ್ಟಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಇವತ್ತಿಗೆ ಸಾಕು, ತಿರುಗುವ" ಅಂದೆ.

ಅಷ್ಟರಲ್ಲಿ ಅವಳ ಕೂಗು ಕೇಳಿದ್ದ ಆಚೆ ಮನೆಯ ಹೆಂಗಸು ತಟ್ಟೆ ಹಿಡಿದು ಗದ್ದೆಗಿಳಿದಳು. "ನೀವು ಅಲ್ಲೇ ನಿಲ್ಲಿ. ನಾನೇ ಬರ್ತೆ."

"ಬ್ಯಾಡ" ಅಂದಳು ಅಕ್ಕ. ನನ್ನ ಕಡೆ ತಿರುಗಿ ಮೆಲ್ಲಗೆ, "ಗಿರಾಕಿ ಗದ್ದೆಗೆ ಇಳ್ದು ಮೀನು ತಕಂಡ್ರೆ ಮಾರುವವಳು ಇದ್ದೂ ಸತ್ತಾಂಗೆ" ಅಂದಳು.

ಚಪ್ಪಲಿ ಬಿಟ್ಟಳು. ಬರಿಗಾಲಿನಲ್ಲಿ ಕಲ್ಲು ಮುಟ್ಟಿ ನೋಡಿದಳು. ಮಳೆ ಹೋಗಿ ಬಿಸಿಲಿಗೆ ಪಾಚಿ ಒಣಗಿತ್ತು. ಒಂದು ಕಾಲಿಟ್ಟು, ತಡೆದು, ಇನ್ನೊಂದಿಟ್ಟು, ನಮ್ಮೂರ ದೇವರನ್ನೆಲ್ಲ ನಾನು ಮನಸ್ಸಿನಲ್ಲೇ ಕರೆದು ಮುಗಿಸುವುದರೊಳಗೆ ಆಚೆ ಸೇರಿದ್ದಳು. ನನಗೆ ಅಳು ಬಂತು. ಬುಟ್ಟಿಯ ನೀರು ಹೇಗೂ ಮುಖಕ್ಕೆ ಇಳಿಯುತ್ತಿತ್ತು.

ಈಗ ನನ್ನ ಸರದಿ. ನಡು ಸಂಕದಲ್ಲಿ ಬುಟ್ಟಿ ವಾಲಿ ಎರಡು ತಾರ್ಲೆ ತೋಡಿಗೆ ಬಿದ್ದವು. ಅಕ್ಕ ಕೈ ಚಾಚಿ ನನ್ನನ್ನು ಎಳೆದುಕೊಂಡಳು.

"ಕಲ್ಲು ಬಹಳ ಸಣ್ಣ" ಅಂದೆ.

"ಹೌದು ಹೌದು. ಅಂಗಳ ಡೊಂಕು."

ತಟ್ಟೆಗೆ ಮೀನು ಹಾಕಿಸಿಕೊಂಡ ಹೆಂಗಸು ನಾಳೆ ಬರುತ್ತೀರಾ ಅಂತ ಕೇಳಿದಳು. ಅಕ್ಕ ನನ್ನ ತಲೆಯಿಂದ ಬುಟ್ಟಿ ಇಳಿಸಿ ತನ್ನ ಸೊಂಟಕ್ಕೆ ಇಟ್ಟುಕೊಂಡು ನನಗೆ ಹೇಳಿದಳು:

"ನೀ ನಾಳೆ ಕುಮಟೆಗೆ ಹೋಗು. ನಿನ್ನ ಕೈಲಿ ಬುಟ್ಟಿ ಕೊಟ್ರೆ ನನ್ನ ಮೀನೆಲ್ಲ ನೀರಿಗೇ ವಾಪಸ್ ಹೋತದೆ."