ಲೆನ್ಸ್ ಬರಲಿ, ಕಾಕಾ

ಪಾಸ್‌ಪೋರ್ಟ್ ನವೀಕರಿಸಲು ಹೊಸ ಫೋಟೋ ಬೇಕಾಗಿತ್ತು. ಕಳೆದ ಗುರುವಾರ ಸಂಜೆ ಕಂಪನಿ ಕ್ಯಾಂಪಿನ ಬಸ್ಸಿನಲ್ಲಿ ಸೌದಿಯ ಜುಬೈಲ್ ಪೇಟೆಗೆ ಹೋದವನು ಒಂದು ಮೊಬೈಲ್ ಅಂಗಡಿ ಹೊಕ್ಕೆ. ಅಲ್ಲಿ ಹಿಂದಿನ ಗೋಡೆಗೆ ಬಿಳಿ ಬಟ್ಟೆ ಇಳಿಬಿಟ್ಟು ಫೋಟೋ ತೆಗೆಯುತ್ತಾರೆ. ಮೊಳೆಗೆ ತೂಗುಹಾಕಿದ್ದ ಕಪ್ಪು ಕೋಟನ್ನು ಅಂಗಡಿಯವನು ನನ್ನ ಕೈಗಿತ್ತ. ಬಂದವರಿಗೆಲ್ಲ ಅದೊಂದೇ ಕೋಟು. ತೋಳು ತೂರಿಸಿದ ಕೂಡಲೇ ನೂರು ಜನರ ಬೆವರು, ಅಗ್ಗದ ಅತ್ತರು, ತಲೆಯೆಣ್ಣೆ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ನನಗೆ ಹೊಸದಲ್ಲ... ಅಂಗಡಿಯವನು ಗದ್ದ ಎತ್ತಲು ಎರಡು ಸಲ ಹೇಳಬೇಕಾಯಿತು.

ಅದೇ ಬೀದಿಯಲ್ಲಿ, ನಾಲ್ಕು ಅಂಗಡಿ ಆಚೆಗೆ, ಕಾಕನ ಸ್ಟುಡಿಯೋ ಇತ್ತು. ಅವರು ವಿಟ್ಲದ ಕಡೆಯ ಬ್ಯಾರಿ ಮುಸ್ಲಿಮರು, ನಾನು ಕುಂದಾಪುರದವನು. ನೆಂಟಸ್ತಿಕೆಯ ಮಾತೇ ಇಲ್ಲ. ಆದರೆ ಜುಬೈಲಿನಲ್ಲಿದ್ದ ನಮ್ಮ ಕರಾವಳಿಯವರೆಲ್ಲ, ಹಿಂದೂಗಳಾಗಲಿ ಮುಸ್ಲಿಮರಾಗಲಿ, ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಅರುವತ್ತರ ಹತ್ತಿರದ ವಯಸ್ಸು, ಸಣ್ಣ ಗಡ್ಡ, ಎಡಗಣ್ಣು ಸ್ವಲ್ಪ ಕಿರಿದು. ಮೂವತ್ತು ವರ್ಷ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದರಿಂದ ಹೀಗಾಯಿತು ಎಂದು ಅವರೇ ಹೇಳುತ್ತಿದ್ದರು. ಅದು ನಿಜವೋ ಸುಳ್ಳೋ ನಾನು ವಿಚಾರಿಸಲಿಲ್ಲ.

ಇಕಾಮಾ ಎಂಬ ವಾಸದ ಪರವಾನಗಿ, ವೀಸಾ, ಪಾಸ್‌ಪೋರ್ಟ್ ಫೋಟೋಗಳೇ ಅವರ ಅನ್ನ. ಅದರಲ್ಲಿ ನಗುವಂತಿಲ್ಲ, ಹಲ್ಲು ಕಾಣುವಂತಿಲ್ಲ. ಆದ್ದರಿಂದ ಗಲ್ಫಿನಲ್ಲಿರುವ ನಮ್ಮವರ ಮುಖಗಳೆಲ್ಲ ಕಾಗದದ ಮೇಲೆ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಇರುತ್ತವೆ. ಕಾಕ ಆ ಫೋಟೋ ಮುಗಿದ ಮೇಲೆ ಗಿರಾಕಿಯನ್ನು ಏಳಲು ಬಿಡುತ್ತಿರಲಿಲ್ಲ. ಕೋಟು ಬಿಚ್ಚಿಸಿ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳುತ್ತಿದ್ದರು. ಅವನು ಮಕ್ಕಳ ಹೆಸರು ಹೇಳುತ್ತಿದ್ದಂತೆ ಇನ್ನೊಂದು ಫೋಟೋ ಹೊಡೆದು, ಇದು ಮನೆಗೆ ಕಳಿಸು ಎಂದು ಕೊಟ್ಟುಬಿಡುತ್ತಿದ್ದರು. ಎಷ್ಟೋ ಮನೆಗಳ ಗೋಡೆಯ ಮೇಲೆ ಇವತ್ತೂ ಆ ಎರಡನೆಯ ಫೋಟೋ ಇರಬಹುದು.

ನಾನು ಪೆಟ್ರೋಕೆಮಿಕಲ್ ಘಟಕವೊಂದರಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಕ್ಯಾಂಪಿನ ಬೇಸರಕ್ಕೆ ಒಂದು ಕ್ಯಾಮೆರಾ ಕೊಂಡುಕೊಂಡಿದ್ದೆ. ಅದರೊಂದಿಗೆ ಬಂದ ಸಾಧಾರಣ ಜೂಮ್ ಲೆನ್ಸಿನಲ್ಲಿ ಒಂಟೆ, ಸಮುದ್ರ, ಸೂರ್ಯಾಸ್ತ ಎಲ್ಲ ಮುಗಿದ ಮೇಲೆ ಮನುಷ್ಯರ ಮುಖ ತೆಗೆಯುವ ಹುಚ್ಚು ಹಿಡಿಯಿತು. ಮುಖ ಚೂಪಾಗಿ ಬಂದು ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗಬೇಕು. ಅದಕ್ಕೆ ಪ್ರೈಮ್ ಲೆನ್ಸ್ ಬೇಕು ಎಂದು ಇಂಟರ್‌ನೆಟ್ ಹೇಳಿತು. ಯಾವುದು ಎಂದು ಕೇಳಲು ಕಾಕನ ಬಳಿಗೆ ಹೋದೆ. ಅಂದಿನಿಂದ ಗುರುವಾರ ಸಂಜೆಯೆಂದರೆ ಕಾಕನ ಸ್ಟುಡಿಯೋ, ಒಂದು ಹಾಲಿಲ್ಲದ ಸುಲೇಮಾನಿ ಚಾ, ಮತ್ತು ಲೆನ್ಸಿನ ಮಾತು ಎಂದಾಯಿತು.

ಅವರು ನನಗೆ ಕಲಿಸಿದ್ದು ಸರಳ. ಪ್ರೈಮ್ ಎಂದರೆ ಜೂಮ್ ಇಲ್ಲ, ನೀನೇ ಹತ್ತಿರ ಹೋಗಬೇಕು, ನೀನೇ ಹಿಂದೆ ಸರಿಯಬೇಕು. ಲೆನ್ಸಿನ ಬಾಯಿ ದೊಡ್ಡದಾದಷ್ಟೂ ಬೆಳಕು ಹೆಚ್ಚು, ಹಿನ್ನೆಲೆ ಮಸುಕು. ಆದರೆ ಸ್ಪಷ್ಟವಾಗಿ ಕಾಣುವ ಜಾಗವೂ ಅಷ್ಟೇ ಕಿರಿದು. ಕಣ್ಣಿಗೆ ಹಿಡಿದರೆ ಕಿವಿ ಹೋಯಿತು, ಮೂಗಿಗೆ ಹಿಡಿದರೆ ಕಣ್ಣೇ ಹೋಯಿತು. ಎಂಬತ್ತೈದು ಎಂ.ಎಂ. ಮುಖಕ್ಕೆ ಚಂದ, ಆದರೆ ಹಿಂದೆ ಸರಿಯಲು ಜಾಗ ಬೇಕು. ಐವತ್ತು ಸಣ್ಣ ಕೋಣೆಗೂ ಆಗುತ್ತದೆ. ನಾನು ಎಂಬತ್ತೈದರ ಗುಣಗಾನ ಮಾಡುತ್ತಿದ್ದಾಗ ಅವರು ಕೇಳಿದ್ದು ಒಂದೇ.

"ಅದೆಲ್ಲ ಇರ್ಲಿ. ನಿನ್ನ ಕ್ಯಾಂಪಿನ ರೂಮು ಎಷ್ಟು ಉದ್ದ ಉಂಟು? ಅದು ಹೇಳು ಮೊದ್ಲು."

ನಾಲ್ಕು ಮಂಚದ ಕೋಣೆ. ಎಂಬತ್ತೈದು ಹಿಡಿದು ಹಿಂದೆ ಸರಿದರೆ ನನ್ನ ಬೆನ್ನು ಕಪಾಟಿಗೆ ತಾಗುತ್ತಿತ್ತು. ಅದು ನನಗೂ ಗೊತ್ತಿತ್ತು. ಆದರೂ ಮನಸ್ಸು ಎಂಬತ್ತೈದರ ಮೇಲೆಯೇ. ಮತ್ತೆ ಲೆನ್ಸಿನ ಬಾಯಿಯ ಅಳತೆ ಒನ್ ಪಾಯಿಂಟ್ ಏಯ್ಟ್ ಸಾಕೇ, ಇನ್ನೂ ದೊಡ್ಡ ಬಾಯಿಯ ಒನ್ ಪಾಯಿಂಟ್ ಫೋರ್ ಬೇಕೇ ಎಂಬ ಇನ್ನೊಂದು ತಲೆನೋವು. ಒಂದು ವಾರ ಒಂದು ತೀರ್ಮಾನ, ಮರುವಾರ ಇನ್ನೊಂದು. "ನೀನು ಲೆನ್ಸ್ ತಗೊಳ್ಳುದಾ, ಹೆಣ್ಣು ನೋಡ್ಲಿಕ್ಕೆ ಹೊರಟದ್ದಾ ಮಾರಾಯ? ಜಾತಕ ಕೂಡಿ ಬರ್ಲಿಲ್ವಾ ಇನ್ನೂ?" ಎಂದು ಕಾಕ ಗೇಲಿ ಮಾಡುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ನನ್ನ ಮುಖಕ್ಕೆ ನೇರವಾಗಿ ಹೇಳಲಿಲ್ಲ. ಚಾ ಕುಡಿಯುತ್ತಾ ಗೋಡೆಗೆ ಹೇಳಿದರು.

ಆ ದಿನಗಳಲ್ಲೇ ಅವರ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಒಬ್ಬಳೇ ಮಗಳು, ಒಂದೇ ಮೊಮ್ಮಗು. ಗಂಡನ ಮನೆಯ ಚಾವಡಿಯಲ್ಲಿ ಇಡಲು ಅಪ್ಪನದೊಂದು ಒಳ್ಳೆಯ ಫೋಟೋ ಬೇಕೆಂದು ಅವಳು ಕೇಳಿದ್ದಳು. ಮನೆಯಲ್ಲಿ ಒಂದೂ ಇರಲಿಲ್ಲ. ಅವಳ ಮದುವೆಯ ಫೋಟೋಗಳನ್ನು ಕಾಕನೇ ತೆಗೆದದ್ದು, ಹಾಗಾಗಿ ಇಡೀ ಆಲ್ಬಮ್ಮಿನಲ್ಲಿ ಕಾಕ ಇಲ್ಲ. ಮೊಬೈಲಿನಲ್ಲಿ ಯಾರಾದರೂ ತೆಗೆಯಲು ಬಂದರೆ ಕೈ ಅಡ್ಡ ಹಿಡಿಯುತ್ತಿದ್ದರು. ಅದರ ಲೆನ್ಸು ಮೂಗನ್ನು ದೊಡ್ಡದು ಮಾಡುತ್ತದೆ ಎಂಬುದು ಅವರ ದೂರು. ವಿಡಿಯೋ ಕಾಲ್ ಮಾಡಿದರೂ ಮಗಳಿಗೆ ಕಾಣುತ್ತಿದ್ದದ್ದು ಹಣೆ ಮತ್ತು ಸ್ಟುಡಿಯೋದ ಫ್ಯಾನು. ಅವಳ ಹತ್ತಿರ ಇದ್ದದ್ದು ಹಳೆಯ ಪಾಸ್‌ಪೋರ್ಟ್ ಫೋಟೋ ಒಂದೇ. ಅಪ್ಪನನ್ನು ಅವಳು ಕರೆಯುವುದು ಉಪ್ಪ ಎಂದು. ಅದರಲ್ಲಿ ಉಪ್ಪ ಸಿಟ್ಟಿನಲ್ಲಿದ್ದಾರೆ, ಮಗು ಹೆದರುತ್ತದೆ ಎಂದಿದ್ದಳಂತೆ.

ಒಂದು ಗುರುವಾರ ಕಾಕ ನನಗೆ ಚಾ ಕೊಟ್ಟು, ತಾವು ಕುಡಿಯದೆ ನಿಂತರು. ಊರಿನಿಂದ ಇಷ್ಟು ದೂರ ಬಂದು ಎಲ್ಲರ ಮುಖ ಮನೆಗೆ ಕಳಿಸಿದ ಮನುಷ್ಯ ತನ್ನದನ್ನು ಕೇಳಲು ನಾಚಿಕೊಂಡಿದ್ದರು.

"ಮಗಳಿಗೆ ನನ್ನ ಒಂದು ಫೋಟೋ ಬೇಕಂತೆ. ನೀನು ತೆಗಿತೀಯಾ? ಟೈಮರ್ ಇಟ್ಟು ನೋಡಿದೆ ನಾನು. ಟೈಮರಿಗೆಲ್ಲ ನಗ್ಲಿಕ್ಕೆ ಆಗುದಿಲ್ಲ ಮಾರಾಯ."

ಅಂದೇ ತೆಗೆಯಬಹುದಿತ್ತು. ಕ್ಯಾಮೆರಾ ನನ್ನ ಕುತ್ತಿಗೆಯಲ್ಲೇ ಇತ್ತು. ಕಾಕನ ಮೇಜಿನ ಮೇಲೆ ಅವರ ಹಳೆಯ ಐವತ್ತರ ಲೆನ್ಸು ಬೇರೆ, ಅದು ನನ್ನ ಕ್ಯಾಮೆರಾಕ್ಕೂ ಹಿಡಿಸುತ್ತಿತ್ತು. ಆದರೆ ನನಗೆ ಹೆಮ್ಮೆ ತಲೆಗೇರಿತು. ಗುರುವಿನ ಫೋಟೋ ತೆಗೆಯುವ ಭಾಗ್ಯ, ಅದನ್ನು ಗೀರು ಬಿದ್ದ ಹಳೆಯ ಗಾಜಿನಲ್ಲಿ ಹಾಳು ಮಾಡುವುದೇ? ನಿಮ್ಮ ಫೋಟೋ ಎಂದರೆ ಎಂಬತ್ತೈದರಲ್ಲೇ ಆಗಬೇಕು, ಲೆನ್ಸ್ ಬರಲಿ ಕಾಕಾ ಎಂದೆ. ಅವರು ತಲೆಯಾಡಿಸಿದರು. ನಾನು ಮರ್ಯಾದೆ ಕೊಟ್ಟೆನೆಂದೇ ತಿಳಿದಿದ್ದೆ.

ಲೆನ್ಸ್ ಬರುವುದಿರಲಿ, ಯಾವುದೆಂದು ತೀರ್ಮಾನವೇ ಆಗಲಿಲ್ಲ. ನಾಲ್ಕು ತಿಂಗಳು ಮೀನಮೇಷ ಎಣಿಸುತ್ತಾ ಕೂತೆ. ಫಿಲಿಪೀನಿ ಸಹೋದ್ಯೋಗಿಯ ಒನ್ ಪಾಯಿಂಟ್ ಏಯ್ಟ್ ಒಂದು ವಾರಕ್ಕೆ ಎರವಲು ತಂದೆ, ನಮ್ಮ ಇಂಜಿನಿಯರರ ಒನ್ ಪಾಯಿಂಟ್ ಫೋರ್ ಇನ್ನೊಂದು ವಾರ. ಯಾವುದು ಹೆಚ್ಚು ಚೂಪು ಎಂದು ಪರೀಕ್ಷಿಸಲು ಸಣ್ಣ ಅಕ್ಷರದ ಕಾಗದ ಬೇಕು. ಊರಿನಿಂದ ಬಂದವರು ಒಣಮೀನು ಸುತ್ತಿ ತಂದಿದ್ದ ಕನ್ನಡ ಪತ್ರಿಕೆಯ ಹಾಳೆ ಸಿಕ್ಕಿತು. ಅದನ್ನು ಗೋಡೆಗೆ ಅಂಟಿಸಿದರೆ ಹಿನ್ನೆಲೆ ಎಷ್ಟು ಕರಗುತ್ತದೆಂದು ತಿಳಿಯುವುದಿಲ್ಲ. ಆದ್ದರಿಂದ ಕಾಕನ ಕೈಗೆ ಕೊಟ್ಟೆ. ಅವರು ತೋಳು ಚಾಚಿ ಹಾಳೆಯನ್ನು ಮುಂದಕ್ಕೆ ಹಿಡಿದು ನಿಲ್ಲುತ್ತಿದ್ದರು. ನಾನು ಅಕ್ಷರಕ್ಕೆ ಫೋಕಸ್ ಹಿಡಿದು ಒತ್ತುತ್ತಿದ್ದೆ. ಹಾಳೆಯ ಮೇಲಿಂದ ಅವರ ಮುಖ ಕಾಣುತ್ತಿತ್ತು. ಮಾತಾಡುತ್ತಿದ್ದರು, ಒಣಮೀನಿನ ವಾಸನೆಗೆ ಮೂಗು ಸೊಟ್ಟ ಮಾಡುತ್ತಿದ್ದರು, ನಗುತ್ತಿದ್ದರು... ಎಷ್ಟು ಚಂದ ನಗುತ್ತಿದ್ದರು.

ಒಮ್ಮೆ ಹಾಳೆ ಕೆಳಗಿಳಿಸಿ, "ನಂದೂ ಒಂದು ಇದ್ರಲ್ಲೇ ಹೊಡ್ದು ಬಿಡು. ಎಂತ ಆಗ್ತದೆ?" ಎಂದರು.

"ಇದು ಬರೀ ಟೆಸ್ಟ್ ಕಾಕಾ. ಬೇರೆಯವರ ಲೆನ್ಸು. ನಮ್ಮದು ಬರ್ಲಿ" ಎಂದೆ.

ಅವರು ಮತ್ತೆ ಹಾಳೆ ಎತ್ತಿ ಹಿಡಿದರು. ಆ ನಾಲ್ಕು ತಿಂಗಳು ಪ್ರತಿ ಗುರುವಾರ ಅವರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿರುತ್ತಿದ್ದರು, ಗಡ್ಡವನ್ನು ಪಕ್ಕದ ಕ್ಷೌರದಂಗಡಿಯಲ್ಲಿ ಸರಿ ಮಾಡಿಸಿಕೊಂಡಿರುತ್ತಿದ್ದರು. ಯಾಕೆ ಎಂದು ನನಗೆ ಹೊಳೆಯಲೇ ಇಲ್ಲ. ಚೂಪನ್ನು ಅಕ್ಷರದಲ್ಲಿ ಹುಡುಕುತ್ತಿದ್ದವನಿಗೆ ಎದುರಿನ ಮನುಷ್ಯ ಕಾಣಲಿಲ್ಲ.

ಕೊನೆಗೂ ಎಂಬತ್ತೈದು, ಒನ್ ಪಾಯಿಂಟ್ ಫೋರ್ ಎಂದು ನಿಶ್ಚಯಿಸಿ ತರಿಸಿದೆ. ಅದೇ ಹೊತ್ತಿಗೆ ನಮ್ಮ ಘಟಕ ದುರಸ್ತಿಗೆಂದು ಶಟ್‌ಡೌನ್ ಆಯಿತು. ಶಟ್‌ಡೌನ್ ಎಂದರೆ ಯಂತ್ರಗಳಿಗೆ ರಜೆ, ನಮಗೆ ಇಲ್ಲ. ಐದು ವಾರ ಶುಕ್ರವಾರವೂ ಕೆಲಸ, ಪೇಟೆಗೆ ಬಸ್ಸೂ ಇಲ್ಲ. ಲೆನ್ಸು ಪೆಟ್ಟಿಗೆಯೊಳಗೇ ನನ್ನ ದಿಂಬಿನ ಪಕ್ಕ ಮಲಗಿತ್ತು. ಕಾಕನಿಗೆ ಫೋನ್ ಮಾಡಿ ಬಂತು ಎಂದೆ. ಅವರಿಗೆ ನನಗಿಂತ ಹೆಚ್ಚು ಖುಷಿ. ಮಗಳಿಗೂ ಹೇಳಿದ್ದೇನೆ, ಬೇಗ ಬಾ ಎಂದರು.

ಶಟ್‌ಡೌನ್ ಮುಗಿದ ಗುರುವಾರ ಹೊಸ ಲೆನ್ಸು ಸಿಕ್ಕಿಸಿಕೊಂಡೇ ಬಸ್ಸು ಹತ್ತಿದೆ. ಸ್ಟುಡಿಯೋದ ಶಟರ್ ಇಳಿದಿತ್ತು. ಅಂಗಡಿ ಮುಚ್ಚುವ ನಮಾಜಿನ ಹೊತ್ತಲ್ಲ, ಆದರೂ ಹೊರಗೆ ನಿಂತು ಕಾದೆ. ಪಕ್ಕದ ಕ್ಷೌರದಂಗಡಿಯ ಪಾಕಿಸ್ತಾನಿ ನನ್ನನ್ನು ನೋಡಿ ಹೊರಗೆ ಬಂದ. ಹನ್ನೊಂದು ದಿನ ಆಯಿತು ಭಾಯಿ ಎಂದ. ಮಧ್ಯಾಹ್ನದ ಲುಹರ್ ನಮಾಜು ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ. ಕಾಗದಪತ್ರ ಮುಗಿದ ಕೂಡಲೇ ಇಲ್ಲಿಯೇ ದಫನ ಮಾಡಿದರಂತೆ. ಕಾಕನ ಫೋನಿನಲ್ಲಿ ಬಿಟ್ಟರೆ ನನ್ನ ನಂಬರು ಅಲ್ಲಿ ಯಾರ ಬಳಿಯೂ ಇರಲಿಲ್ಲ. ಕುತ್ತಿಗೆಯಲ್ಲಿದ್ದ ಕ್ಯಾಮೆರಾವನ್ನು ಎಲ್ಲಿ ಅಡಗಿಸಲಿ ಎಂದು ತಿಳಿಯದೆ ಅಂಗಿಯೊಳಗೆ ತೂರಿಸಲು ನೋಡಿದೆ. ಅದು ಹಿಡಿಸಲಿಲ್ಲ.

ತಿಂಗಳು ಕಳೆದ ಮೇಲೆ ಅವರ ಮಗಳಿಂದ ವಾಟ್ಸಾಪ್ ಬಂತು. ಉಪ್ಪನ ಫೋನು ಊರಿಗೆ ಬಂದಿದೆ, ಅದರಲ್ಲಿ ನಿಮ್ಮ ನಂಬರು ಇತ್ತು ಎಂದು ಮೊದಲು ಬರೆದಳು. ಆಮೇಲೆ ಬಹಳ ಹೊತ್ತು ಏನೋ ಟೈಪ್ ಮಾಡುತ್ತಿದ್ದಳು. ಬಂದದ್ದು ಇಷ್ಟೇ: "ಅಣ್ಣ, ನೀವು ಫೋಟೋ ತೆಗೀತೀರಿ ಅಂತ ಉಪ್ಪ ಪ್ರತಿ ವಾರ ಹೇಳ್ತಿದ್ರು. ತೆಗ್ದಿದ್ರಾ?"

ಕಂಪ್ಯೂಟರ್ ತೆರೆದು ಕೂತೆ. ಮೂವತ್ತಾರು ಫೋಟೋಗಳು. ಒಂದೊಂದರಲ್ಲೂ ಪತ್ರಿಕೆಯ ಅಕ್ಷರ ಚೂಪಾಗಿದೆ, ಅಲ್ಪವಿರಾಮ ಕೂಡ ಎಣಿಸಬಹುದು. ಹಿಂದೆ ಕಂದು ಬಣ್ಣದ ಒಂದು ಕಲೆ, ಅದರ ಮೇಲೆ ಎರಡು ಕಪ್ಪು ಚುಕ್ಕೆ, ಕೆಳಗೆ ಬಿಳಿ. ನಾನು ಬಯಸಿದ ಹಾಗೆಯೇ ಹಿನ್ನೆಲೆ ಬೆಣ್ಣೆಯಾಗಿ ಕರಗಿತ್ತು. ಆ ಹಿನ್ನೆಲೆಯೇ ಕಾಕ. ಏನೇನೋ ಸಾಫ್ಟ್‌ವೇರ್ ಹಾಕಿ ನೋಡಿದೆ. ಕಾಣದ್ದನ್ನು ಅದು ಕಾಣಿಸಿತು ನಿಜ, ಆದರೆ ಯಾರದೋ ಮುಖ ಮಾಡಿಕೊಟ್ಟಿತು. ಅದನ್ನು ಅಳಿಸಿದೆ.

ಏನೂ ಇಲ್ಲ ಎಂದು ಬರೆಯಲು ಧೈರ್ಯ ಬರಲಿಲ್ಲ. ಇದ್ದುದರಲ್ಲಿ ತುಸು ವಾಸಿಯಾದ ಒಂದನ್ನು ಕಳಿಸಿದೆ. ನೀಲಿ ಗೆರೆ ಬಿತ್ತು, ಅವಳು ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು:

"ಅಣ್ಣ, ಹಿಂದೆ ಇರೋದು ಉಪ್ಪನಾ?"

ಹೌದು ತಂಗಿ ಎಂದು ಬರೆದೆ.

ಇದೆಲ್ಲ ಆಗಿ ಮೂರು ವರ್ಷ ದಾಟಿತು. ಕಳೆದ ಗುರುವಾರ ಫೋಟೋ ತೆಗೆಸಿಕೊಂಡು ಹೊರಗೆ ಬಂದವನು ಆ ನಾಲ್ಕು ಅಂಗಡಿ ದಾಟಿ ಹೋದೆ. ಸ್ಟುಡಿಯೋ ಇದ್ದಲ್ಲಿ ಈಗ ಬಟ್ಟೆ ಒಗೆಯುವ ಅಂಗಡಿ ಇದೆ. ಎಂಬತ್ತೈದರ ಲೆನ್ಸು ನನ್ನ ಬಳಿ ಇನ್ನೂ ಇದೆ, ಒಳ್ಳೆಯ ಲೆನ್ಸು, ಕೊಂಡದ್ದರಲ್ಲಿ ತಪ್ಪಿಲ್ಲ. ಕ್ಯಾಂಪಿಗೆ ಹೊಸದಾಗಿ ಬಂದವರು ಯಾವ ಲೆನ್ಸ್ ಕೊಳ್ಳಲಿ ಎಂದು ನನ್ನನ್ನು ಕೇಳುತ್ತಾರೆ. ಕಾಕ ಹೇಳಿಕೊಟ್ಟದ್ದನ್ನೇ ಹೇಳುತ್ತೇನೆ.

ವಿಟ್ಲದ ಆಚೆ ಎಲ್ಲೋ ಒಂದು ಮನೆಯಲ್ಲಿ ಆ ಮಗು ಈಗ ಮಾತಾಡುತ್ತಿರಬೇಕು. ಅಜ್ಜ ಹೇಗಿದ್ದರು ಎಂದು ಕೇಳುವ ವಯಸ್ಸು. ನನಗೆ ಗೊತ್ತಿದೆ, ಕಣ್ಣು ಮುಚ್ಚಿದರೆ ಗಡ್ಡದ ಒಂದೊಂದು ಕೂದಲೂ ಕಾಣುತ್ತದೆ. ಅದನ್ನು ಅವಳಿಗೆ ತೋರಿಸಲು ನನ್ನಲ್ಲಿ ಏನೂ ಇಲ್ಲ.